ಚಳಿ ಸೀಮೆಯಲ್ಲಿ ಬಿಸಿಲು ನಾಡಿನ ಹಣ್ಣು

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಬೆಳೆಗಾರರ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಒಂದು ಹಳ್ಳಿಯ ಸಹಕಾರ ಸಂಘ 25 ವರ್ಷ ಬಾಗಿಲು ಮುಚ್ಚದೆ ನಡೆದು ಬಂದಿದೆ ಅಂದರೆ ಅದು ಸಣ್ಣ ಮಾತಲ್ಲ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಒಬ್ಬ ರೈತನ ಕೈಯಲ್ಲಿ ಆಗದ್ದು ಹತ್ತು ಜನ ಸೇರಿದರೆ ಆಗುತ್ತದೆ ಎಂಬ ಅವರ ನಂಬಿಕೆಯ ಮೇಲೆಯೇ ನಿಮ್ಮ ಸಂಘವೂ ನಿಂತಿದೆ. ಸಂಘವನ್ನು ಇಲ್ಲಿಯವರೆಗೆ ತಂದ ಹಿರಿಯರಿಗೆ ನನ್ನ ನಮಸ್ಕಾರ.

ನನಗೆ ಕೊಟ್ಟ ವಿಷಯ "ನಮ್ಮ ಚಳಿ ಸೀಮೆಯಲ್ಲಿ ಅಪರೂಪದ ಹಣ್ಣಿನ ಗಿಡಗಳು". ಈ ವಿಷಯ ಏಕೆ ಕೊಟ್ಟರು ಅನ್ನುವುದು ನಿಮಗೆಲ್ಲ ಗೊತ್ತು. ಈಗ ಯಾವ ಊರಿಗೆ ಹೋದರೂ ರಾಂಬುಟಾನ್, ಮ್ಯಾಂಗೋಸ್ಟೀನ್, ಡುರಿಯನ್, ಬೆಣ್ಣೆಹಣ್ಣು ಇವುಗಳದ್ದೇ ಮಾತು. ವ್ಯಾನಿನ ತುಂಬ ಗಿಡ ಹೇರಿಕೊಂಡು ಮನೆ ಬಾಗಿಲಿಗೇ ಬರುತ್ತಾರೆ. ಮೊಬೈಲು ಬಿಚ್ಚಿದರೆ ಒಂದು ಮರದಲ್ಲಿ ಇಷ್ಟು ಸಾವಿರ, ಒಂದು ಎಕರೆಯಲ್ಲಿ ಇಷ್ಟು ಲಕ್ಷ ಅಂತ ಲೆಕ್ಕ ಹೇಳುವವರು ಸಿಗುತ್ತಾರೆ. ಆ ಲೆಕ್ಕದಲ್ಲಿ ಒಂದು ಅಂಕಿ ಮಾತ್ರ ಇರುವುದಿಲ್ಲ, ನೋಡಿ. ಜನವರಿ ತಿಂಗಳಲ್ಲಿ ಬೆಳಗಿನ ಜಾವ ನಿಮ್ಮ ತೋಟದಲ್ಲಿ ಎಷ್ಟು ಚಳಿ ಇರುತ್ತದೆ ಅನ್ನುವ ಅಂಕಿ. ನನ್ನ ಇವತ್ತಿನ ಮಾತೆಲ್ಲ ಆ ಒಂದು ಅಂಕಿಯ ಸುತ್ತಲೇ.

ಮೊದಲಿಗೆ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಹೊರಗಿನಿಂದ ಬಂದ ಗಿಡ ಬೇಡವೇ ಬೇಡ ಅನ್ನುವವನು ನಾನಲ್ಲ. ಹಾಗಂದರೆ ನಮ್ಮ ಅಡುಗೆಮನೆಯೇ ಖಾಲಿಯಾಗುತ್ತದೆ. ಮೆಣಸಿನಕಾಯಿ, ಟೊಮೆಟೊ, ಆಲೂಗೆಡ್ಡೆ, ಅನಾನಸು, ಸೀಬೆ, ಸಪೋಟ, ಗೇರು ಎಲ್ಲವೂ ಅಮೆರಿಕ ಖಂಡದ ಕಡೆಯಿಂದ ಬಂದವು. ಪಪ್ಪಾಯಿಗೆ ನಮ್ಮ ಹಿರಿಯರು ಪರಂಗಿ ಹಣ್ಣು ಅಂತಲೇ ಹೆಸರಿಟ್ಟರು. ಪರಂಗಿಯವರು ತಂದದ್ದು ಅನ್ನುವುದು ಹೆಸರಿನಲ್ಲೇ ಇದೆ. ಸೀಮೆಬದನೆಯಲ್ಲಿ "ಸೀಮೆ" ಅಂದರೂ ಅದೇ ಅರ್ಥ. ನಮ್ಮ ಹೊಟ್ಟೆ ಹೊರೆಯುತ್ತಿರುವ ಕಾಫಿಯೂ ಬಾಬಾಬುಡನ್ ಅವರು ಅರಬ್ ನಾಡಿನಿಂದ ತಂದದ್ದು ಅಂತ ನಾವೇ ಹೇಳಿಕೊಳ್ಳುತ್ತೇವೆ. ಆದರೆ ಕಾಫಿ ಇಲ್ಲಿ ಯಾಕೆ ನಿಂತಿತು? ಅದು ಹುಟ್ಟಿದ್ದೇ ಎತ್ತರದ ತಂಪು ಸೀಮೆಯಲ್ಲಿ, ಮರದ ನೆರಳಲ್ಲಿ. ತವರಿನಂಥ ಜಾಗ ಸಿಕ್ಕಿತು, ನಿಂತಿತು. ಗಿಡ ಪರದೇಶದ್ದೋ ಸ್ವದೇಶದ್ದೋ ಅನ್ನುವುದು ದೊಡ್ಡ ಪ್ರಶ್ನೆಯಲ್ಲ. ಅದರ ತವರು ಬಯಲೋ ಬೆಟ್ಟವೋ ಅನ್ನುವುದು ಪ್ರಶ್ನೆ.

ಚಳಿ ಅಂದರೆ ನಾವು ಒಂದೇ ಅಂದುಕೊಳ್ಳುತ್ತೇವೆ. ಗಿಡಕ್ಕೆ ಅದು ಮೂರು ಥರ. ಒಂದು, ನೀರು ಹೆಪ್ಪುಗಟ್ಟುವ ಚಳಿ. ಊಟಿ, ಮುನ್ನಾರ್ ಕಡೆ ಹುಲ್ಲಿನ ಮೇಲೆ ಬೆಳ್ಳಗೆ ಮಂಜು ಕಟ್ಟುತ್ತದಲ್ಲ, ಅದು. ಎಲೆಯೊಳಗಿನ ನೀರೇ ಗಡ್ಡೆಕಟ್ಟಿ ಎಲೆ ಸುಟ್ಟಂತೆ ಕಪ್ಪಾಗುತ್ತದೆ. ನಮ್ಮ 3000 ಅಡಿಯ ಸೀಮೆಯಲ್ಲಿ ಇದರ ಭಯ ಕಡಿಮೆ. ಎರಡನೆಯದು, ನೀರು ಗಡ್ಡೆ ಕಟ್ಟದಿದ್ದರೂ ಬಿಸಿಲು ನಾಡಿನ ಗಿಡಕ್ಕೆ ಏಟು ಕೊಡುವ ಚಳಿ. ಹತ್ತು ಡಿಗ್ರಿಗಿಂತ ಕೆಳಗೆ ಮೇಲಿಂದ ಮೇಲೆ ಇಳಿಯಿತು ಅಂದರೆ ರಾಂಬುಟಾನ್ ಎಲೆ ಕಂದುತ್ತದೆ, ಚಿಗುರು ಬಾಡುತ್ತದೆ. ನಾಲ್ಕೈದು ಡಿಗ್ರಿಗೆ ಬಂದರೆ ಮ್ಯಾಂಗೋಸ್ಟೀನ್ ಗಿಡ ಸತ್ತೇ ಹೋಗಬಹುದು. ಮೂರನೆಯದು, ಕಣ್ಣಿಗೆ ಕಾಣದ ಚಳಿ. ಎಲೆ ಹಸಿರಾಗಿಯೇ ಇರುತ್ತದೆ, ಆದರೆ ಗಿಡ ಮೇಲೇಳುವುದಿಲ್ಲ. ಮ್ಯಾಂಗೋಸ್ಟೀನ್ 20 ಡಿಗ್ರಿಗಿಂತ ಕೆಳಗೆ ಬಹಳ ನಿಧಾನವಾಗುತ್ತದೆ. ನಮ್ಮಲ್ಲಿ ಚಳಿಗಾಲದ ರಾತ್ರಿ ಮಾತ್ರವಲ್ಲ, ಮಳೆಗಾಲದ ಹಗಲೂ ಎಷ್ಟೋ ಸಲ ಅಷ್ಟೇ ಇರುತ್ತದೆ ಅನ್ನುವುದನ್ನು ಮರೆಯಬೇಡಿ. ಗಿಡ ಸಾಯುವುದಿಲ್ಲ, ಫಲವೂ ಕೊಡುವುದಿಲ್ಲ. ಸಾಲ ಮಾಡಿದವನಿಗೆ ಸತ್ತ ಗಿಡಕ್ಕಿಂತ ಇಂಥ ಗಿಡವೇ ಹೆಚ್ಚು ಕಷ್ಟ. ಸತ್ತರೆ ಕಿತ್ತು ಹಾಕಬಹುದು; ಇದನ್ನು ಕೀಳಲೂ ಮನಸ್ಸು ಬಾರದು.

ಚಳಿ ಹೀಗೆ ಏಕೆ ಏಟು ಕೊಡುತ್ತದೆ ಅನ್ನುವುದಕ್ಕೆ ವಿಜ್ಞಾನಿಗಳು ಕೊಡುವ ಒಂದು ವಿವರಣೆಯನ್ನು ನಿಮ್ಮ ಮನೆಯಲ್ಲೇ ನೋಡಬಹುದು. ಡಿಸೆಂಬರಿನಲ್ಲಿ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಗಟ್ಟಿಯಾಗಿರುತ್ತದೆ, ಒಲೆಯ ಪಕ್ಕ ಇಟ್ಟು ಕರಗಿಸುತ್ತೀರಿ. ಪಕ್ಕದಲ್ಲೇ ಇರುವ ಕಡಲೆಕಾಯಿ ಎಣ್ಣೆಗೆ ಏನೂ ಆಗಿರುವುದಿಲ್ಲ. ಎರಡೂ ಎಣ್ಣೆಯೇ, ಗಟ್ಟಿಯಾಗುವ ಹದ ಬೇರೆ. ಗಿಡದ ಒಂದೊಂದು ಜೀವಕೋಶದ ಸುತ್ತಲೂ ತೆಳುವಾದ ಜಿಡ್ಡಿನ ಪೊರೆ ಇರುತ್ತದೆ. ಬಿಸಿಲು ನಾಡಿನ ಗಿಡಗಳಲ್ಲಿ ಆ ಪೊರೆ ಕೊಬ್ಬರಿ ಎಣ್ಣೆಯ ಹಾಗೆ ಬೇಗ ಬಿಗಿಯುತ್ತದೆ, ಬೆಟ್ಟದ ಗಿಡಗಳಲ್ಲಿ ಅಷ್ಟು ಬೇಗ ಬಿಗಿಯುವುದಿಲ್ಲ. ಪೊರೆ ಬಿಗಿದರೆ ಒಳಗಿನ ಕೆಲಸ ನಿಲ್ಲುತ್ತದೆ. ಅದನ್ನು ಗೊಬ್ಬರ ಹಾಕಿ ಸರಿ ಮಾಡಲು ಆಗುವುದಿಲ್ಲ ಸ್ವಾಮಿ.

ಎತ್ತರಕ್ಕೂ ಚಳಿಗೂ ಒಂದು ಸರಳ ಲೆಕ್ಕ ಇದೆ. ಪ್ರತಿ 1000 ಅಡಿ ಮೇಲೆ ಹೋದರೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ತಂಪು. ಅಂದರೆ 3000 ಅಡಿಯಲ್ಲಿರುವ ನಾವು ಮಂಗಳೂರಿನವರಿಗಿಂತ ಹೆಚ್ಚುಕಡಿಮೆ 6 ಡಿಗ್ರಿ ತಂಪಿನಲ್ಲಿದ್ದೇವೆ. ಕರಾವಳಿಯಲ್ಲೋ ಕೇರಳದ ಬಯಲಲ್ಲೋ ತುಂಬಿ ಬಿಟ್ಟ ಮರ ನೋಡಿಕೊಂಡು ಬಂದು ಇಲ್ಲಿ ಗುಂಡಿ ತೋಡುವ ಮೊದಲು ಈ 6 ಡಿಗ್ರಿಯನ್ನು ನೆನಪಿಡಬೇಕು.

ಇದನ್ನು ಕಣ್ಣಾರೆ ನೋಡಬೇಕಾದರೆ ನೀಲಗಿರಿಗೆ ಹೋಗಿ ಬನ್ನಿ. ಮೆಟ್ಟುಪಾಳ್ಯದಿಂದ ಕೂನೂರಿಗೆ ಹತ್ತುವ ಘಟ್ಟದ ರಸ್ತೆಯಲ್ಲಿ ಬುಡದಲ್ಲೇ ಕಲ್ಲಾರ್ ಹಣ್ಣಿನ ತೋಟ ಇದೆ, ಸರ್ಕಾರದ್ದು, 1900ರಲ್ಲಿ ಶುರುವಾದದ್ದು. ಅಲ್ಲಿಂದ ಮೇಲೆ ಸುಮಾರು 2500 ಅಡಿಯಲ್ಲಿ ಬರ್ಲಿಯಾರ್. ಅಲ್ಲಿ 1857ರಲ್ಲಿ ಕಲೆಕ್ಟರ್ ಆಗಿದ್ದ ಇ.ಬಿ. ಥಾಮಸ್ ತೋಟ ಮಾಡಿದರು, 1871ರಲ್ಲಿ ಅದು ಸರ್ಕಾರಕ್ಕೆ ಸೇರಿತು. ಮ್ಯಾಂಗೋಸ್ಟೀನ್, ಡುರಿಯನ್, ರಾಂಬುಟಾನ್, ಜಾಯಿಕಾಯಿ, ಲವಂಗ ಎಲ್ಲವನ್ನೂ ಅಲ್ಲಿ ಬೆಳೆದಿದ್ದಾರೆ. ಹಣ್ಣಿನ ಕಾಲದಲ್ಲಿ ಹೋದರೆ ರಸ್ತೆ ಬದಿಯಲ್ಲೇ ಮಾರುತ್ತಾರೆ. ಇನ್ನೂ ಮೇಲೆ ಕೂನೂರಿಗೆ ಬಂದರೆ, ಸುಮಾರು 6000 ಅಡಿಯಲ್ಲಿ, ಪ್ಲಮ್, ಪೀಚ್, ಪರ್ಸಿಮನ್. 7000 ಅಡಿ ದಾಟಿದ ಊಟಿಯಲ್ಲಿ ಮಂಜು ಬಿದ್ದು ಹುಲ್ಲು ಕರಿಯುತ್ತದೆ. ಒಂದೇ ಬೆಟ್ಟ, ಅರ್ಧ ದಿನದ ಬಸ್ ಪ್ರಯಾಣವೂ ಅಲ್ಲ. ಆದರೆ ಮ್ಯಾಂಗೋಸ್ಟೀನನ್ನು ಊಟಿಯಲ್ಲಿ ನೆಡಲಿಲ್ಲ, ಪೀಚನ್ನು ಕಲ್ಲಾರಿನಲ್ಲಿ ನೆಡಲಿಲ್ಲ. ನೂರು ವರ್ಷಕ್ಕೂ ಹಿಂದೆಯೇ ಯಾವ ಗಿಡ ಯಾವ ಮೆಟ್ಟಿಲಿಗೆ ಅನ್ನುವುದನ್ನು ನೋಡಿ ಇಟ್ಟರು. ನಾವೂ ನಮ್ಮ ಮೆಟ್ಟಿಲು ಯಾವುದು ಅಂತ ತಿಳಿಯಬೇಕು.

ಇನ್ನೊಂದು ಸೂಕ್ಷ್ಮ ಇದೆ. ಎತ್ತರ ಒಂದೇ ಆದರೂ ಊರೊಳಗೇ ಚಳಿ ಒಂದೇ ಸಮ ಇರುವುದಿಲ್ಲ. ತಣ್ಣನೆಯ ಗಾಳಿ ಭಾರ. ಗಾಳಿ ಆಡದ, ಮೋಡವಿಲ್ಲದ ರಾತ್ರಿಯಲ್ಲಿ ಅದು ನೀರಿನ ಹಾಗೆ ಗುಡ್ಡದಿಂದ ಜಾರಿ ಬಂದು ಕೆಳಗಿನ ಗದ್ದೆ ಬಯಲಿನಲ್ಲಿ ನಿಲ್ಲುತ್ತದೆ. ಬೆಳಗಿನ ಜಾವ ಗದ್ದೆ ಅಂಚಿನಲ್ಲಿ ನಡೆದು, ಮೇಲೆ ಮನೆಯ ಹತ್ತಿರ ಬರುವಾಗ ಮೈಗೆ ಬೆಚ್ಚಗಾಗುವುದು ನಿಮಗೆಲ್ಲ ಗೊತ್ತಿದೆ. ಅದಕ್ಕೇ ನಮ್ಮ ಹಿರಿಯರು ಮನೆಯನ್ನು ಗದ್ದೆಯ ಮಗ್ಗುಲಿಗೆ ಕಟ್ಟದೆ ಸ್ವಲ್ಪ ಮೇಲೆ ಕಟ್ಟಿದರೇನೋ! ಬಿಸಿಲು ನಾಡಿನ ಗಿಡಕ್ಕೆ ಹೊಂದುವ ಜಾಗವೂ ಅದೇ, ಗುಡ್ಡದ ನಡು ಇಳಿಜಾರು. ತೀರಾ ನೆತ್ತಿಯಲ್ಲಿ ಗಾಳಿ ಹೊಡೆತ, ತೀರಾ ಕೆಳಗೆ ಚಳಿಯ ಕೆರೆ. ನೈಋತ್ಯದ ಮಳೆಗಾಳಿಗೆ ಬೆನ್ನು ಕೊಟ್ಟ, ಪೂರ್ವಕ್ಕೋ ಆಗ್ನೇಯಕ್ಕೋ ಮುಖ ಮಾಡಿದ ಇಳಿಜಾರು ಇದ್ದರೆ ಇನ್ನೂ ಒಳ್ಳೆಯದು. ಹಗಲು ಕಾದು ರಾತ್ರಿ ಬಿಸಿ ಬಿಡುವ ದೊಡ್ಡ ಬಂಡೆ, ಮನೆ ಗೋಡೆ, ನೀರಿನ ತೊಟ್ಟಿ ಇವೂ ನೆರವಾಗುತ್ತವೆ. ನೆರಳಿನ ಮರಗಳು ರಾತ್ರಿ ಹೊದಿಕೆಯ ಹಾಗೆ ನೆಲದ ಬಿಸಿಯನ್ನು ಹಿಡಿದಿಡುತ್ತವೆ. ಕಾಫಿ ತೋಟ ಇರುವವರಿಗೆ ಈ ಹೊದಿಕೆ ಪುಕ್ಕಟೆ ಸಿಕ್ಕಿದೆ.

ಇನ್ನು ಗಿಡಗಳ ವಿಚಾರ. ಅನುಕೂಲಕ್ಕಾಗಿ ಮೂರು ಬುಟ್ಟಿ ಮಾಡೋಣ.

ಮೊದಲನೆಯ ಬುಟ್ಟಿಯಲ್ಲಿ ಬೆಟ್ಟದಲ್ಲೇ ಹುಟ್ಟಿದವು. ಇವು ಉಷ್ಣವಲಯದ ಹಣ್ಣು ಅಂತ ಹೆಸರಾದರೂ ತಂಪಿಗೆ ಹೆದರುವುದಿಲ್ಲ. ಬೆಣ್ಣೆಹಣ್ಣು ಇದರಲ್ಲಿ ಮುಖ್ಯ. ಇದರಲ್ಲಿ ಮೂರು ಬಳಗ: ಮೆಕ್ಸಿಕೊ, ಗ್ವಾಟೆಮಾಲ, ವೆಸ್ಟ್ ಇಂಡೀಸ್. ಮೆಕ್ಸಿಕೊ ಬಳಗ ಅಲ್ಪಸ್ವಲ್ಪ ಹಿಮವನ್ನೂ ತಡೆಯುತ್ತದೆ, ಗ್ವಾಟೆಮಾಲದ್ದು ನಡುವಿನದು, ವೆಸ್ಟ್ ಇಂಡೀಸ್ ಬಳಗ ಬಯಲಿನದು. ಎತ್ತರದ ತೋಟದವರು ಗಿಡ ಕೊಳ್ಳುವಾಗ ಇದು ಯಾವ ಬಳಗ ಅಂತ ಕೇಳಬೇಕು. ಇದರ ಹೂವಿನ ಸ್ವಭಾವ ವಿಚಿತ್ರ. ಒಂದೇ ಹೂವು ಒಮ್ಮೆ ಹೆಣ್ಣಾಗಿ ಅರಳಿ ಮುಚ್ಚಿಕೊಂಡು, ಮತ್ತೊಮ್ಮೆ ಗಂಡಾಗಿ ಅರಳುತ್ತದೆ. "ಎ" ಗುಂಪಿನ ಮರ ಬೆಳಿಗ್ಗೆ ಹೆಣ್ಣು, ಮರುದಿನ ಮಧ್ಯಾಹ್ನದ ಮೇಲೆ ಗಂಡು. "ಬಿ" ಗುಂಪಿನದು ಮಧ್ಯಾಹ್ನದ ಮೇಲೆ ಹೆಣ್ಣು, ಮರುದಿನ ಬೆಳಿಗ್ಗೆ ಗಂಡು. ಎರಡೂ ಗುಂಪಿನ ಮರ ಹತ್ತಿರ ಇದ್ದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ಹಾಸ್ ತಳಿ "ಎ", ಫ್ಯೂಯೆರ್ಟೆ ತಳಿ "ಬಿ". ಹೂವಿನ ಕಾಲದಲ್ಲಿ ಚಳಿ ಜಾಸ್ತಿಯಾದರೆ ಈ ಹೊತ್ತಿನ ಲೆಕ್ಕವೇ ತಪ್ಪಿ ಹೂವು ಉದುರುತ್ತದೆ. ಬೇರಿನ ವಿಚಾರದಲ್ಲೂ ಎಚ್ಚರ ಬೇಕು. ನೀರು ನಿಂತರೆ ಕೊಳೆ ರೋಗ ಬರುತ್ತದೆ, ಎಂಥ ಮರವೂ ಒಣಗುತ್ತದೆ. ಕರಿಮೆಣಸಿಗೆ ಸೊರಗು ರೋಗ ತರುವ ಶಿಲೀಂಧ್ರದ ಅಣ್ಣತಮ್ಮನೇ ಇಲ್ಲಿಯೂ ಶತ್ರು. ದಿಬ್ಬ ಮಾಡಿ ನೆಡಿ, ಬಸಿಗಾಲುವೆ ತೆಗೆಯಿರಿ.

ಇದೇ ಬುಟ್ಟಿಯಲ್ಲಿ ನೇರಳೆ ಬಣ್ಣದ ಪ್ಯಾಶನ್ ಹಣ್ಣು. ಹಳದಿಯದು ಬಯಲಿಗೆ, ನೇರಳೆಯದು ಬೆಟ್ಟಕ್ಕೆ. ಎರಡನ್ನೂ ಕೂಡಿಸಿ ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದವರು "ಕಾವೇರಿ" ಅಂತ ಒಂದು ಸಂಕರ ತಳಿ ಮಾಡಿದ್ದಾರೆ. ನೆಟ್ಟು ಸುಮಾರು ಒಂದು ವರ್ಷಕ್ಕೆ ಫಲ ಬರುವ ಬಳ್ಳಿ ಇದು, ಚಪ್ಪರ ಬೇಕು. ಮರ ತೂತು ಮಾಡುವ ಕಪ್ಪು ದುಂಬಿ ಇದೆಯಲ್ಲ, ಅದೇ ಇದರ ಹೂವಿಗೆ ಪರಾಗ ಮಾಡುವ ಮುಖ್ಯ ಕೆಲಸಗಾರ. ಅದಕ್ಕೆ ಔಷಧಿ ಹೊಡೆದು ಓಡಿಸಬೇಡಿ. ನೀಲಗಿರಿಯಲ್ಲಿ ಮರ ಟೊಮೆಟೊ ಬೆಳೆಯುತ್ತಾರೆ, ಅದೂ ಆಂಡೀಸ್ ಬೆಟ್ಟದ ಗಿಡ. ನಮ್ಮ ಸೀತಾಫಲದ ಬೆಟ್ಟದ ನೆಂಟ ಚೆರಿಮೋಯವೂ ಅಲ್ಲಿಯದೇ. ಚೆರಿಮೋಯಕ್ಕೆ ಕುಂಚದಿಂದ ಕೈಪರಾಗ ಮಾಡಿದರೆ ಕಾಯಿ ತುಂಬುತ್ತದೆ. ಬಿಡುವಿರುವವರು ಮನೆ ಹಿತ್ತಿಲಲ್ಲಿ ಒಂದೆರಡು ಇಟ್ಟು ನೋಡಬಹುದು.

ಎರಡನೆಯ ಬುಟ್ಟಿಯಲ್ಲಿ ಜಾಗ ನೋಡಿ ಹಾಕಬೇಕಾದವು, ರಾಂಬುಟಾನ್ ಮತ್ತು ಲಿಚಿ. ರಾಂಬುಟ್ ಅಂದರೆ ಮಲಯ ಭಾಷೆಯಲ್ಲಿ ಕೂದಲು. ಮೈತುಂಬ ಕೂದಲಿರುವ ಹಣ್ಣು ಅಂತ ಆ ಹೆಸರು. ನಮ್ಮ ಅಂಟುವಾಳದ ಕುಲದ್ದೇ ಇದು. ಚೆಟ್ಟಳ್ಳಿ ಕೇಂದ್ರದವರೇ "ಅರ್ಕಾ ಕೂರ್ಗ್ ಅರುಣ್" ಎಂಬ ಕೆಂಪು ಹಣ್ಣಿನ ತಳಿಯನ್ನೂ "ಅರ್ಕಾ ಕೂರ್ಗ್ ಪೀತಾಭ್" ಎಂಬ ಹಳದಿ ಹಣ್ಣಿನ ತಳಿಯನ್ನೂ ಕೊಟ್ಟಿದ್ದಾರೆ. ಕಾಫಿ ಸೀಮೆಯ ಹವೆಯಲ್ಲೇ ನೋಡಿ ಆರಿಸಿದ ತಳಿಗಳು ಅನ್ನುವುದು ನಮಗೆ ಬೇಕಾದ ಮಾತು. ಇಲ್ಲಿ ಚಳಿಯಿಂದ ಒಂದು ಉಪಕಾರವೂ ಇದೆ, ನೋಡಿ. ತಂಪಿನಲ್ಲಿ ಹೂವೂ ತಡ, ಹಣ್ಣೂ ತಡ. ಕೇರಳದ ಬಯಲಿನ ರಾಂಬುಟಾನ್ ಪೇಟೆಯಲ್ಲಿ ಮುಗಿಯುತ್ತಾ ಬರುವಾಗ ಗುಡ್ಡದ ಹಣ್ಣು ಮಾಗುತ್ತದೆ. ಲಿಚಿಯದು ಇನ್ನೂ ಸ್ವಾರಸ್ಯ. ಅದಕ್ಕೆ ಹೂ ಬಿಡಲು ಒಂದಿಷ್ಟು ಚಳಿ ಬೇಕೇ ಬೇಕು. ಬಿಹಾರದ ಮುಜಫರ್‌ಪುರದಲ್ಲಿ ಮೇ-ಜೂನ್ ತಿಂಗಳಿಗೆ ಬರುವ ಲಿಚಿ, ಕೊಡಗು ವೈನಾಡಿನ ಕಡೆ ಡಿಸೆಂಬರ್ ಹೊತ್ತಿಗೆ ಬರುತ್ತದೆ. ಬೇರೆಯವರಲ್ಲಿ ಇಲ್ಲದಾಗ ನಮ್ಮಲ್ಲಿ ಇದ್ದರೆ ಅದಕ್ಕೆ ಬೆಲೆ ಇರುತ್ತದೆ ಅಲ್ವಾ?

ಮೂರನೆಯ ಬುಟ್ಟಿಯಲ್ಲಿ ನಿಜವಾದ ಬಿಸಿಲು ಮಕ್ಕಳು, ಮ್ಯಾಂಗೋಸ್ಟೀನ್ ಮತ್ತು ಡುರಿಯನ್. ಮ್ಯಾಂಗೋಸ್ಟೀನ್ ನಮ್ಮ ಮುರುಗಲು, ಉಪ್ಪಾಗೆಯ ಹತ್ತಿರದ ಬಂಧು. ಬಂಧು ಇಲ್ಲಿ ಚೆನ್ನಾಗಿದ್ದಾನೆ ಅಂತ ಇದೂ ಇರುತ್ತದೆ ಅನ್ನುವ ಹಾಗಿಲ್ಲ. ಇದರ ಬೇರು ಬಹಳ ಬಲಹೀನ, ನೀರು ಹೀರುವ ಸಣ್ಣ ರೋಮಗಳೇ ಇರುವುದಿಲ್ಲ. ಒಳ್ಳೆಯ ಜಾಗದಲ್ಲೂ ಫಲಕ್ಕೆ 7ರಿಂದ 10 ವರ್ಷ ಬೇಕು. ಮೊದಲ ವರ್ಷಗಳಲ್ಲಿ ನೆರಳು ಬೇಕು, ಬೇಸಿಗೆಯಲ್ಲಿ ನೀರು ಬೇಕು. ಎತ್ತರ ಏರಿದಂತೆ ಕಾಯುವ ವರ್ಷವೂ ಏರುತ್ತದೆ. ಹೊಳೆಯ ಹತ್ತಿರ, ತಗ್ಗಿನ ಬೆಚ್ಚನೆಯ ಕಣಿವೆಯಲ್ಲಿ ಜಮೀನು ಇರುವವರು ಎರಡು ಗಿಡ ಹಾಕಲಿ, ಮಕ್ಕಳ ಕಾಲಕ್ಕಾಯಿತು. ಮೇಲಿನ ತೋಟದವರಿಗೆ ನಾನು ಹಾಕಿ ಅಂತ ಹೇಳಲಾರೆ. ಡ್ರ್ಯಾಗನ್ ಹಣ್ಣು ಯಾವ ಬುಟ್ಟಿಗೆ ಅಂತ ಕೇಳುತ್ತೀರಿ. ಅದು ಕಳ್ಳಿ ಜಾತಿ. ನಮ್ಮಲ್ಲಿ ಅದಕ್ಕೆ ಶತ್ರು ಚಳಿಗಿಂತ ಹೆಚ್ಚಾಗಿ ಮಳೆ. ತಿಂಗಳುಗಟ್ಟಲೆ ಜಡಿ ಹಿಡಿದರೆ ಕಾಂಡ ಕೊಳೆಯುತ್ತದೆ. ಮಳೆ ಕಡಿಮೆ ಇರುವ ಬಯಲುಸೀಮೆಯವರಿಗೆ ಅದನ್ನು ಬಿಟ್ಟುಕೊಡೋಣ.

ಗಿಡ ಕೊಳ್ಳುವ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. 30 ಅಡಿಗೆ ಒಂದರಂತೆ ನೆಟ್ಟರೆ ಎಕರೆಗೆ 48 ರಾಂಬುಟಾನ್ ಮರ. ಬೀಜದಿಂದ ಎಬ್ಬಿಸಿದ ಗಿಡ ಹಾಕಿದರೆ ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಗಂಡು ಮರ. ಗಂಡೋ ಹೆಣ್ಣೋ ಗೊತ್ತಾಗುವುದು ಐದಾರು ವರ್ಷ ಸಾಕಿ, ಹೂ ಬಿಟ್ಟ ಮೇಲೆ. ಅಲ್ಲಿಗೆ 24 ಮರಕ್ಕೆ ಹಾಕಿದ ಗೊಬ್ಬರ, ನೀರು, ಆಳಿನ ಕೂಲಿ ಎಲ್ಲ ಹೊಳೆಗೆ ಹಾಕಿದ ಹುಣಿಸೆಹಣ್ಣು. ಆದ್ದರಿಂದ ಕಣ್ಣು ಕಟ್ಟಿದ ಇಲ್ಲವೇ ಕಸಿ ಮಾಡಿದ ಗಿಡವೇ ಬೇಕು. ಬೆಣ್ಣೆಹಣ್ಣಿಗೂ ಹಾಗೆಯೇ, ಬೀಜದ ಗಿಡದ ಹಣ್ಣು ತಾಯಿಯ ಹಾಗಿರುತ್ತದೆ ಅನ್ನುವ ಖಾತ್ರಿ ಇಲ್ಲ. ಮ್ಯಾಂಗೋಸ್ಟೀನ್ ಒಂದು ಮಾತ್ರ ಇದಕ್ಕೆ ಹೊರತು. ಅದರ ಬೀಜ ಪರಾಗವಿಲ್ಲದೆ ಹುಟ್ಟುವುದರಿಂದ ಗಿಡ ತಾಯಿಯ ಹಾಗೆಯೇ ಬರುತ್ತದೆ. ಕಸಿ ಗಿಡವಾದರೂ ರೋಗವಿಲ್ಲದ ತಾಯಿ ಮರದ್ದೇ ಆಗಿರಬೇಕು. ಕೊಡಗಿನ ಕಿತ್ತಳೆಗೆ ಏನಾಯಿತು ಅನ್ನುವುದನ್ನು ಹಿರಿಯರು ನೋಡಿದ್ದಾರೆ. ಗ್ರೀನಿಂಗ್ ಎಂಬ ರೋಗ ಕಸಿ ಕಡ್ಡಿಯಿಂದಲೂ ಹರಡುತ್ತದೆ, ಒಂದು ಸಣ್ಣ ಹಾರುವ ಕೀಟದಿಂದಲೂ ಹರಡುತ್ತದೆ. ಹೆಸರುವಾಸಿ ಬೆಳೆಯೊಂದು ತೋಟ ತೋಟಗಳಲ್ಲಿ ಸೊರಗಿದ್ದಕ್ಕೆ ಅದೂ ಒಂದು ಕಾರಣ.

ಬೇಸಾಯದಲ್ಲಿ ಚಳಿಗೆಂದು ಮಾಡಬೇಕಾದ ಕೆಲಸ ಹೆಚ್ಚಿಲ್ಲ. ಮುಂಗಾರಿನ ಮೊದಲ ಮಳೆಗೆ ನೆಟ್ಟು, ಚಳಿ ಬರುವ ಮುಂಚೆ ಬೇರು ಹಿಡಿಯಲು ಬಿಡಿ. ಮಳೆ ಮುಗಿಯುವ ಹೊತ್ತಿಗೆ ಯೂರಿಯಾ ಹಾಕಬೇಡಿ. ಹಾಕಿದರೆ ಎಳೆ ಚಿಗುರು ಹೊರಟು ಡಿಸೆಂಬರಿನ ಚಳಿಗೆ ಸಿಕ್ಕಿಬೀಳುತ್ತದೆ. ಮೊದಲ ಎರಡು ಚಳಿಗಾಲ ಅಡಿಕೆ ಸೋಗೆಯದೋ ತೆಂಗಿನ ಗರಿಯದೋ ಗೂಡು ಕಟ್ಟಿ, ಬೆಳಿಗ್ಗೆಯ ಬಿಸಿಲಿಗೆ ಪೂರ್ವದ ಕಡೆ ತೆರೆದಿಡಿ. ನೆಲ ತೀರ ಒಣಗದ ಹಾಗೆ ಹದವಾಗಿ ನೀರು ಕೊಡಿ. ಹಸಿ ನೆಲ ಹಗಲಿನ ಬಿಸಿಯನ್ನು ಹೆಚ್ಚು ಹಿಡಿದಿಡುತ್ತದೆ. ಎಳೆಯ ಗಿಡಕ್ಕೆ ಚಳಿ ತಾಗುವಷ್ಟು ಬಲಿತ ಮರಕ್ಕೆ ತಾಗುವುದಿಲ್ಲ. ಎರಡು ಮೂರು ಚಳಿಗಾಲ ದಾಟಿಸಿದಿರಿ ಅಂದರೆ ಅರ್ಧ ಗೆದ್ದ ಹಾಗೆ.

ಇಷ್ಟೆಲ್ಲ ಮಾಡಿದರೆ ಬೆಳೆಯುತ್ತದೆಯೇ? ಬೆಳೆಯುತ್ತದೆ. ಆದರೆ ಬೆಳೆಯುವುದು ಬೇರೆ, ಅದರಿಂದ ಬದುಕುವುದು ಬೇರೆ. ಐಸ್‌ಲ್ಯಾಂಡ್ ಅಂತ ಉತ್ತರ ಧ್ರುವದ ಹತ್ತಿರ ಒಂದು ದೇಶ ಇದೆ. ಅಲ್ಲಿ ಭೂಮಿಯೊಳಗಿನ ಬಿಸಿನೀರಿನಿಂದ ಗಾಜಿನ ಮನೆ ಕಾಯಿಸಿ ಬಾಳೆ ಬೆಳೆಯುತ್ತಾರೆ. ಸುತ್ತ ಹಿಮ, ಒಳಗೆ ಬಾಳೆಗೊನೆ. ಆದರೆ ಅದು ಪಾಠಕ್ಕೆ, ಪ್ರಯೋಗಕ್ಕೆ ಮಾತ್ರ. ಪೇಟೆಯಲ್ಲಿ ಜನ ತಿನ್ನುವ ಬಾಳೆ ಬಿಸಿಲು ದೇಶಗಳಿಂದ ಹಡಗಿನಲ್ಲಿ ಬರುತ್ತದೆ, ಅದೇ ಅಗ್ಗ. ನಾವು ಗಿಡವನ್ನು ಬದುಕಿಸಲು ಮಾಡುವ ಖರ್ಚು ಹಣ್ಣು ತರುವ ದುಡ್ಡಿಗಿಂತ ಹೆಚ್ಚಾದರೆ ಅದು ಹವ್ಯಾಸ. ಹವ್ಯಾಸಕ್ಕೆ ಅಡ್ಡಿಯಿಲ್ಲ. ಅದಕ್ಕೆ ಜಮೀನು ಅಡ ಇಟ್ಟು ಸಾಲ ತೆಗೆಯಬಾರದು ಅಷ್ಟೆ.

ಮಾರಾಟದಲ್ಲೂ ಹಣ್ಣು ಹಣ್ಣಿಗೆ ವ್ಯತ್ಯಾಸ ಇದೆ. ರಾಂಬುಟಾನ್ ಮರದಲ್ಲೇ ಮಾಗಬೇಕು, ಕಿತ್ತ ಮೇಲೆ ಮಾಗುವುದಿಲ್ಲ. ಕಿತ್ತ ಮೂರು ನಾಲ್ಕು ದಿನಕ್ಕೆ ಕೂದಲು ಕಂದಿ ಕಪ್ಪಾಗುತ್ತದೆ. ಒಳಗೆ ತಿರುಳು ಚೆನ್ನಾಗಿದ್ದರೂ ಗಿರಾಕಿ ಮುಖ ತಿರುಗಿಸುತ್ತಾನೆ. ಮರದಲ್ಲಿ ಬಿಟ್ಟರೆ ಬಾವಲಿ, ಮಂಗ, ಹಕ್ಕಿ ಕಾದಿರುತ್ತವೆ, ಬಲೆ ಕಟ್ಟಲೇಬೇಕು. ಬೆಣ್ಣೆಹಣ್ಣು ಇದಕ್ಕೆ ತದ್ವಿರುದ್ಧ. ಮರದಲ್ಲಿ ಇರುವಷ್ಟು ದಿನ ಗಟ್ಟಿ, ಕಿತ್ತ ಮೇಲೆಯೇ ಮೆತ್ತಗಾಗುವುದು. ಹಾಗಾಗಿ ದೂರದ ಪೇಟೆಗೆ ಕಳಿಸಬಹುದು. ಪ್ಯಾಶನ್ ಹಣ್ಣು ಉಳಿದರೆ ರಸ ತೆಗೆದು ಶರಬತ್ತು ಮಾಡಬಹುದು, ಇದು ಸ್ತ್ರೀಶಕ್ತಿ ಗುಂಪಿನ ತಾಯಂದಿರಿಗೆ ಹೇಳಿದ ಮಾತು. ದೊಡ್ಡ ರಸ್ತೆಯಿಂದ ದೂರ ಇರುವ ನಮ್ಮಂಥ ಊರಿಗೆ ಕಾಯಬಲ್ಲ ಹಣ್ಣೇ ಮೇಲು.

ಸಂಘದ ಮುಂದೆ ಮೂರು ಸಲಹೆ ಇಡುತ್ತೇನೆ. ಒಪ್ಪುವುದು ಬಿಡುವುದು ಸರ್ವ ಸದಸ್ಯರ ಸಭೆಗೆ ಬಿಟ್ಟದ್ದು.

ಒಂದನೆಯದು, ಈ ಚಳಿಗಾಲ ಬರುವ ಮೊದಲು ಸಂಘದಿಂದ ಆರೇಳು ಥರ್ಮಾಮೀಟರು ತರಿಸಿ. ರಾತ್ರಿಯ ಅತಿ ಕಡಿಮೆ ಉಷ್ಣತೆಯನ್ನು ತಾನೇ ಗುರುತಿಟ್ಟುಕೊಳ್ಳುವಂಥದ್ದು ಸಿಗುತ್ತದೆ. ಗದ್ದೆ ಬಯಲಲ್ಲಿ ಒಂದು, ನಡು ಇಳಿಜಾರಿನಲ್ಲಿ ಎರಡು, ಗುಡ್ಡದ ನೆತ್ತಿಯಲ್ಲಿ ಒಂದು, ಹೊಳೆ ಬದಿಯಲ್ಲಿ ಒಂದು, ಹೀಗೆ ಎದೆಯೆತ್ತರಕ್ಕೆ ನೆರಳಿನಲ್ಲಿ ತೂಗುಹಾಕಿ. ಶಾಲೆ ಮಕ್ಕಳು ದಿನಾ ಬೆಳಿಗ್ಗೆ ನೋಡಿ ಬರೆದಿಡಲಿ. ನವೆಂಬರಿನಿಂದ ಫೆಬ್ರವರಿಯವರೆಗಿನ ಪಟ್ಟಿಯನ್ನು ಸಂಘದ ಗೋಡೆಗೆ ಹಚ್ಚಿ. ಎರಡು ಚಳಿಗಾಲ ಹೀಗೆ ಬರೆದರೆ ಯಾರ ಜಮೀನು ಯಾವ ಬುಟ್ಟಿಗೆ ಸೇರಿದ್ದು ಅಂತ ಗಿಡ ಮಾರುವವನನ್ನು ಕೇಳಬೇಕಾಗಿಲ್ಲ.

ಎರಡನೆಯದು, ಗಿಡವನ್ನು ಒಬ್ಬೊಬ್ಬರೇ ತರಬೇಡಿ. ಸಂಘದ ಮೂಲಕ ಚೆಟ್ಟಳ್ಳಿಯಂಥ ಸರ್ಕಾರಿ ಕೇಂದ್ರದಿಂದ, ತಳಿಯ ಹೆಸರು ಬರೆದ ರಸೀದಿ ಸಮೇತ ತರಿಸಿ. ಮೊದಲ ಹಂತದಲ್ಲಿ ಮನೆಗೆ ನಾಲ್ಕೈದು ಗಿಡ ಸಾಕು, ಕಾಫಿಯ ಮಧ್ಯೆ. ಕಾಫಿ, ಮೆಣಸು ಕಿತ್ತು ಜಾಗ ಮಾಡುವ ಕೆಲಸ ಬೇಡ. 40 ಮನೆಯವರು ಐದೈದು ಹಾಕಿದರೂ ಊರಲ್ಲಿ 200 ಮರ ಆಯಿತು. ಚಳಿಗೆ ಹೋದರೆ ಯಾರ ಮನೆಯೂ ಮುಳುಗುವುದಿಲ್ಲ, ಫಲ ಕೊಟ್ಟರೆ ಒಂದು ಗಾಡಿ ಮಾಲು ಒಟ್ಟಿಗೆ ಪೇಟೆಗೆ ಹೋಗುತ್ತದೆ. ಒಬ್ಬನೇ 200 ಗಿಡ ಹಾಕಿದರೆ ಲಾಭವೂ ಅವನದೇ, ಆದರೆ ಒಂದು ಕೆಟ್ಟ ಜನವರಿಗೆ ಇಡೀ ಸಂಸಾರವನ್ನು ಒಡ್ಡಿದ ಹಾಗೆ.

ಮೂರನೆಯದು ಸಾಲದ ವಿಚಾರ. ನಿರ್ದೇಶಕರು ಬೇಸರ ಮಾಡಿಕೊಳ್ಳಬಾರದು. ಹತ್ತು ವರ್ಷಕ್ಕೆ ಫಲ ಕೊಡುವ ಗಿಡಕ್ಕೆ ಮೂರು ವರ್ಷಕ್ಕೆ ಕಂತು ಶುರುವಾಗುವ ಸಾಲ ಕೊಟ್ಟರೆ ಆ ಕಂತು ಹಣ್ಣಿನಿಂದ ಬರುವುದಿಲ್ಲ, ಕಾಫಿ ಮಾರಿದ ದುಡ್ಡಿನಿಂದಲೇ ಬರಬೇಕು. ಕಾಫಿಗೆ ಬೆಲೆ ಬಿದ್ದ ವರ್ಷ ಎರಡೂ ಕೈಬಿಡುತ್ತವೆ. ಆದ್ದರಿಂದ ಸಾಲದ ಅರ್ಜಿಯಲ್ಲಿ ಬೆಳೆಯ ಹೆಸರಿನ ಪಕ್ಕದಲ್ಲೇ ಜಮೀನಿನ ಎತ್ತರ, ಹಿಂದಿನ ಚಳಿಗಾಲದ ಅತಿ ಕಡಿಮೆ ಉಷ್ಣತೆ, ಮೊದಲ ಫಲದ ವರ್ಷ ಈ ಮೂರನ್ನೂ ಬರೆಸಿಕೊಳ್ಳಿ. ಬರೆಯುವಾಗಲೇ ಸದಸ್ಯನಿಗೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆಯನ್ನು ನಮ್ಮಲ್ಲಿ ಕಂಬಳಿ ಇದ್ದಷ್ಟು ಅಂತ ಸ್ವಲ್ಪ ತಿದ್ದಿಕೊಂಡರೂ ತಪ್ಪಿಲ್ಲ.

ಈ ಸಂಘ ಶುರುವಾದ ವರ್ಷ ಯಾರಾದರೂ ಸರಿಯಾದ ಜಾಗ ನೋಡಿ ಒಂದು ಬೆಣ್ಣೆಹಣ್ಣಿನ ಕಸಿ ಗಿಡ ನೆಟ್ಟಿದ್ದರೆ ಅದು ಇವತ್ತಿಗೆ 20 ಫಸಲು ದಾಟಿಸಿರುತ್ತಿತ್ತು. ತಪ್ಪು ಜಾಗದಲ್ಲಿ ನೆಟ್ಟಿದ್ದರೆ ಇವತ್ತಿಗೂ ಎಲೆ ಮಾತ್ರ. ಎರಡಕ್ಕೂ ಹಿಡಿದ ಕಾಲ ಒಂದೇ, 25 ವರ್ಷ. ಊರಿನಲ್ಲಿ ಉಳಿದು ತೋಟ ಮಾಡುತ್ತೇವೆ ಅನ್ನುವ ಹುಡುಗರು ಇಲ್ಲಿ ಕೂತಿದ್ದಾರೆ. ಅವರಿಗೆ ಈ ಎರಡರ ನಡುವಿನ ವ್ಯತ್ಯಾಸ ಗಿಡ ನೆಡುವ ಮೊದಲೇ ಗೊತ್ತಾಗಬೇಕು. ಅದನ್ನು ಗೊತ್ತು ಮಾಡಿಕೊಡುವ ಕೆಲಸವನ್ನು ಸಂಘ ಮಾಡಲಿ ಎಂದು ಹಾರೈಸುತ್ತೇನೆ.